ವಾಷರ್ ಒಂದಕ್ಕಾಗಿ ವಾರ ಕಾಯಬೇಕೆ?

ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮುನ್ನ, ಎರಡನೆಯದು 40-45 ದಿನಗಳ ನಂತರ ಆಗಬೇಕೆಂಬುದು ಅಡಿಕೆ ಬೆಳೆಗಾರರೆಲ್ಲರೂ ಬಲ್ಲ ಮಾತು. ಈ ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡುವುದೇ ಎರಡು ಮೂರು ದಿನ. ಕೊನೆಗೌಡ ಬಂದು ನಿಂತಿದ್ದಾನೆ, ಮೈಲುತುತ್ತು ಸುಣ್ಣ ಕರಗಿಸಿಯಾಗಿದೆ. ಆಗ ಪಂಪಿನ ಪಿಸ್ಟನ್ ವಾಷರ್ ಹರಿದರೆ ದ್ರಾವಣವೂ ಹಾಳು, ಬಿಡುವೂ ಹಾಳು. ಕಾಫಿಯವರ ಕಷ್ಟವೂ ಇದೇ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು. ಯಂತ್ರ ಕೆಟ್ಟಿತೆಂದು ಹಣ್ಣು ಕಾಯುವುದಿಲ್ಲ.

ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಹುಬ್ಬಳ್ಳಿಯೇ ದೊಡ್ಡ ಪೇಟೆ. ದುರ್ಗದಬೈಲಿನಲ್ಲಿ ಮನೆಸಾಮಾನು ಕೊಳ್ಳಲು ಹೋದವರು ಪಂಪಿನ ಬಿಡಿಭಾಗಕ್ಕಾಗಿಯೂ ಅಂಗಡಿ ಅಂಗಡಿ ಅಲೆಯುವುದುಂಟು. ಆದರೆ ಸಾಮಾನು ಹುಬ್ಬಳ್ಳಿಯಿಂದ ಶಿರಸಿಗೋ ಯಲ್ಲಾಪುರಕ್ಕೋ ಬರಲು ಬಸ್ಸಿಗೆ ಕೆಲವೇ ಗಂಟೆ ಸಾಕು. ಹಾಗಾದರೆ ವಾರ ಕಳೆಯುವುದೆಲ್ಲಿ? "ಯಾವ ಭಾಗ?", "ಎಲ್ಲಿದೆ?" ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದರಲ್ಲಿ.

ಇದೇ ಪ್ರಶ್ನೆಗಳನ್ನು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಬಹುಕಾಲದಿಂದ ಎದುರಿಸುತ್ತ ಬಂದಿದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಕಟ್ಟಿದ ಈ ಕಾರ್ಖಾನೆಗೆ ಬೋಗಿಗಳ ದುರಸ್ತಿಗಾಗಿ ಸಾವಿರಾರು ಬಗೆಯ ಭಾಗಗಳು ಬೇಕು. ರೈಲ್ವೆಯವರು ದಾಸ್ತಾನಿನ ಪ್ರತಿ ಭಾಗಕ್ಕೂ 8 ಅಂಕಿಗಳ ಸಂಖ್ಯೆ ಕೊಟ್ಟಿದ್ದಾರೆ. ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಗುಮಾಸ್ತ ಒಂದು ಅಂಕಿ ತಪ್ಪಿ ಒತ್ತಿದರೆ ತಾಳೆ ಕೂಡುವುದಿಲ್ಲ; ಕಂಪ್ಯೂಟರು ಅಲ್ಲೇ ತಡೆಯಬಲ್ಲದು. ತಪ್ಪು ಸಾಮಾನು ಬಂದು ಹಿಂತಿರುಗುವ ದಿನಗಳು ಹೀಗೆ ಉಳಿಯುತ್ತವೆ. ಡಿಪೋಗಳ ದಾಸ್ತಾನು ಪುಸ್ತಕಗಳನ್ನೂ ಕಂಪ್ಯೂಟರಿಗೆ ತರುವ ಏರ್ಪಾಟನ್ನು, 1986ರಲ್ಲಿ ಸ್ಥಾಪನೆಯಾದ 'ಕ್ರಿಸ್' ಸಂಸ್ಥೆ ರೂಪಿಸಿತು. ಅದು 2021ರಲ್ಲಿ ಪಶ್ಚಿಮ ರೈಲ್ವೆಯಲ್ಲಿ ಜಾರಿಗೆ ಬಂತು.

ನಮ್ಮ ಸಂಘಗಳ ಕೌಂಟರಿಗೂ ಇದೇ ಬಗೆಯ, ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡು ಬೇಕು. ಅದರಲ್ಲಿ ಇರಬೇಕಾದದ್ದು ಇಷ್ಟು:

1. ಸದಸ್ಯನಿಗೆ ಭಾಗದ ಸಂಖ್ಯೆ ಗೊತ್ತಿರಬೇಕೆಂದಿಲ್ಲ. ಯಾವ ಕಂಪನಿಯ ಪಂಪು, ಯಾವ ಮಾದರಿ ಎಂದು ಯಂತ್ರ ಕೇಳಿ ಚಿತ್ರ ತೋರಿಸಬೇಕು. ಸದಸ್ಯ ಬೆರಳಿಟ್ಟು ತೋರಿಸಿದರೆ ಸಂಖ್ಯೆ ತಾನೇ ಬರಬೇಕು.

2. ಈ ಶಾಖೆಯಲ್ಲಿ ಇಲ್ಲವೆಂದಷ್ಟೇ ಹೇಳಿ ಸುಮ್ಮನಾಗಬಾರದು. ಯಾವ ಶಾಖೆಯಲ್ಲಿ ಎಷ್ಟಿದೆ, ಯಾವ ಬಸ್ಸಿಗೆ ಬರುತ್ತದೆ ಎಂಬುದನ್ನೂ ತಿಳಿಸಬೇಕು.

3. ದಾಸ್ತಾನು ಮುಗಿಯುವ ಮೊದಲೇ ಎಚ್ಚರಿಸಬೇಕು. ಉದಾಹರಣೆಗೆ, ದಿನಕ್ಕೆ 2 ವಾಷರ್ ಖರ್ಚಾಗಿ, ಹೊಸ ಮಾಲು ಬರಲು 6 ದಿನ ಬೇಕಾದರೆ 12 ಬೇಕು. ಆಪತ್ತಿಗೆ 6 ಸೇರಿಸಿ. ದಾಸ್ತಾನು 18ಕ್ಕೆ ಇಳಿದ ದಿನವೇ ಬೇಡಿಕೆ ಹೋಗಬೇಕು. ಮಳೆಗಾಲದ ಲೆಕ್ಕ ಬೇರೆ, ಬೇಸಿಗೆಯ ಲೆಕ್ಕ ಬೇರೆ.

4. ವಿದ್ಯುತ್ ಹೋದಾಗಲೂ ಕೆಲಸ ನಿಲ್ಲದಂತೆ ಚೀಟಿಯಲ್ಲಿ ಬರೆದು, ಬಂದ ಮೇಲೆ ತುಂಬುವ ಕ್ರಮವಿರಬೇಕು. ಮಲೆನಾಡಿನ ಮಳೆಗಾಲಕ್ಕೆ ಇದು ತೀರ ಅಗತ್ಯ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಅಳವಡಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಸಾಲ, ಠೇವಣಿಯ ಲೆಕ್ಕಕ್ಕೆಂದು ಕಂಪ್ಯೂಟರು ಬಂದಿರುವಲ್ಲಿ ಬಿಡಿಭಾಗಗಳ ಲೆಕ್ಕಕ್ಕೆ ಬೇಕಾದದ್ದು ಮುಖ್ಯವಾಗಿ ಮನಸ್ಸು ಮತ್ತು ಶಿಸ್ತು.

ಶಿಸ್ತಿನ ಮಾತು ದೊಡ್ಡದು. ಕೊಟ್ಟ ಸಾಮಾನನ್ನು ಕೊಟ್ಟ ಕ್ಷಣದಲ್ಲೇ ದಾಖಲಿಸದಿದ್ದರೆ ಪರದೆಯ ಮೇಲೆ 5 ಇದ್ದು ಕಪಾಟು ಖಾಲಿ ಇರುತ್ತದೆ. ಅಂಥ ಕಂಪ್ಯೂಟರಿಗಿಂತ ಹಳೆಯ ಗುಮಾಸ್ತನ ನೆನಪೇ ಮೇಲು.

ಸದಸ್ಯರ ಪಾಲಿನ ಕೆಲಸವೂ ಉಂಟು. ನಿಮ್ಮ ಪಂಪು, ಪಲ್ಪರು, ಕಳೆ ಕೊಚ್ಚುವ ಯಂತ್ರಗಳ ಮಾದರಿ ಸಂಖ್ಯೆಯನ್ನು ಪಾಸ್ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಮುಂಗಾರಿಗೆ ತಿಂಗಳ ಮೊದಲೇ ಯಂತ್ರ ಬಿಚ್ಚಿ ನೋಡಿ, ಬೇಕಾದದ್ದನ್ನು ಶಾಖೆಗೆ ತಿಳಿಸಿ. ಮುಂದಿನ ಮಹಾಸಭೆಯಲ್ಲಿ ಲಾಭಾಂಶದ ಜೊತೆಗೆ ಈ ವಿಷಯವನ್ನೂ ಕೇಳಿ. ಒಂದು ಕೊಯ್ಲು ಉಳಿದರೆ ಅದೂ ಲಾಭಾಂಶವೇ.