ಮಹಲಿನ ಮದುವೆ, ಮೇಸ್ತ್ರಿಯ ಮಗಳು

ದೊಡ್ಡವರ ಮನೆಯ ಮದುವೆಯನ್ನು ಬೇಲಿಯ ಈಚೆ ನಿಂತು ನೋಡುವುದರಲ್ಲಿ ಒಂದು ಬಗೆಯ ಸುಖವಿದೆ. ಊಟಕ್ಕೆ ಕರೆಯಿಲ್ಲ ಎಂಬುದು ನಿಜ. ಉಡುಗೊರೆ ಕೊಡುವ ಹೊರೆಯೂ ಇಲ್ಲವಷ್ಟೆ. ಈ ಸುಖವನ್ನು ಬಣ್ಣದಲ್ಲಿ, ಹಾಡಿನ ಸಮೇತ, ಸುಮಾರು ಎರಡು ಗಂಟೆಗಳ ಕಾಲ ಒದಗಿಸುವ ಚಿತ್ರವೊಂದುಂಟು. 1956ರಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆ ಹೊರತಂದ ‘ಹೈ ಸೊಸೈಟಿ’ ಅದರ ಹೆಸರು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ‘ದೊಡ್ಡ ಜನ’.

ಕಥೆ ಸರಳ. ಟ್ರೇಸಿ ಲಾರ್ಡ್ ಎಂಬ ಶ್ರೀಮಂತರ ಮಗಳು, ಮೊದಲ ಗಂಡನನ್ನು ಬಿಟ್ಟವಳು, ಜಾರ್ಜ್ ಎಂಬ ಗಂಭೀರ ಗೃಹಸ್ಥನನ್ನು ಮದುವೆಯಾಗಲು ಸಿದ್ಧಳಾಗಿದ್ದಾಳೆ. ನೆರೆಮನೆಯಲ್ಲೇ ಇರುವ ಮೊದಲ ಗಂಡ ಡೆಕ್ಸ್ಟರನಿಗೆ ಅವಳ ಮೇಲಿನ ಮೋಹ ಆರಿಲ್ಲ. ಇದರ ನಡುವೆ ಒಂದು ಗಾಳಿಸುದ್ದಿಯ ಪತ್ರಿಕೆಯವರು ಅವಳ ತಂದೆಯ ಗುಟ್ಟೊಂದನ್ನು ಹಿಡಿದು ಬೆದರಿಸಿ, ಮದುವೆಯ ಮನೆಯೊಳಕ್ಕೆ ಇಬ್ಬರು ವರದಿಗಾರರನ್ನು ನುಗ್ಗಿಸುತ್ತಾರೆ. ಮದುವೆಯ ಹಿಂದಿನ ರಾತ್ರಿ ವಧು ಕುಡಿದು ಮೈಮರೆಯುತ್ತಾಳೆ. ಬೆಳಗಾಗುವಷ್ಟರಲ್ಲಿ ವರನೇ ಬದಲಾಗುತ್ತಾನೆ. ಗ್ರೇಸ್ ಕೆಲಿ ವಧು. ಬಿಂಗ್ ಕ್ರಾಸ್ಬಿ ಮೊದಲ ಗಂಡ. ಫ್ರ್ಯಾಂಕ್ ಸಿನಾಟ್ರಾ ಮತ್ತು ಸೆಲೆಸ್ಟ್ ಹೋಮ್ ವರದಿಗಾರರು. ಕ್ರಾಸ್ಬಿಗೆ ಆಗ ವಯಸ್ಸು ಐವತ್ತು ದಾಟಿತ್ತು, ಕೆಲಿಗೆ ಇಪ್ಪತ್ತಾರು. ಈ ಲೆಕ್ಕವನ್ನು ಪ್ರೇಕ್ಷಕರು ಮಾಡಬಾರದೆಂದೇ ಇರಬೇಕು, ಕೋಲ್ ಪೋರ್ಟರ್ ಅಷ್ಟೊಂದು ಹಾಡುಗಳನ್ನು ಕಟ್ಟಿಕೊಟ್ಟದ್ದು!

ಹಾಡುಗಳು ಚೆನ್ನಾಗಿವೆ. ಮದುವೆಯ ಉಡುಗೊರೆಗಳನ್ನು ಅಂಗಡಿಯಂತೆ ಸಾಲಾಗಿ ಜೋಡಿಸಿಟ್ಟ ಕೋಣೆಯಲ್ಲಿ ಸಿನಾಟ್ರಾ ಮತ್ತು ಹೋಮ್ ನಿಂತು, ಲಕ್ಷಾಧೀಶರಾಗುವ ಆಸೆ ತಮಗಿಲ್ಲವೆಂದು ಹಾಡುತ್ತಾರೆ. ಅವರ ಕಣ್ಣು ಮಾತ್ರ ಬೆಳ್ಳಿಯ ಪಾತ್ರೆಗಳ ಮೇಲೆಯೇ ಇರುತ್ತದೆ. ಇನ್ನೊಂದು ಹಾಡಿನಲ್ಲಿ ಕ್ರಾಸ್ಬಿ, ಸಿನಾಟ್ರಾ ಇಬ್ಬರೂ ಸೇರಿ ಪರಿಚಿತರ ದುರಂತಗಳನ್ನು ಒಂದೊಂದಾಗಿ ಹೇಳಿಕೊಂಡು, ಪ್ರತಿ ದುರಂತಕ್ಕೂ ‘ಅದಿರಲಿ, ಈ ಔತಣ ಎಷ್ಟು ಸೊಗಸು’ ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಾರೆ. ಸಿರಿವಂತರ ಕಿವಿ ಎಂಥದೆಂಬುದನ್ನು ಈ ನಾಲ್ಕು ನಿಮಿಷಗಳಷ್ಟು ಚೆನ್ನಾಗಿ ಚಿತ್ರದ ಉಳಿದ ಭಾಗ ಹೇಳುವುದಿಲ್ಲ.

ಆದರೆ ಈ ಚಿತ್ರ ಸ್ವಂತ ಬೆಳೆಯಲ್ಲ. ಫಿಲಿಪ್ ಬ್ಯಾರಿ ಎಂಬ ನಾಟಕಕಾರರು ಬರೆದ ‘ದಿ ಫಿಲಡೆಲ್ಫಿಯಾ ಸ್ಟೋರಿ’ 1939ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದು 417 ಪ್ರದರ್ಶನ ಕಂಡಿತು. ಅದರ ನಾಯಕಿ ಕ್ಯಾಥರೀನ್ ಹೆಪ್‌ಬರ್ನ್. ಹಿಂದಿನ ವರ್ಷವಷ್ಟೇ ಚಿತ್ರಮಂದಿರಗಳ ಮಾಲೀಕರು ಆಕೆಯನ್ನು ‘ಗಲ್ಲಾಪೆಟ್ಟಿಗೆಗೆ ವಿಷ’ ಎಂದು ಪತ್ರಿಕೆಯಲ್ಲಿ ಸಾರಿದ್ದರು. ಆಕೆ ಸುಮ್ಮನೆ ಕೂರದೆ ಈ ನಾಟಕದ ಚಿತ್ರೀಕರಣದ ಹಕ್ಕನ್ನು ತನ್ನ ಕೈಯಲ್ಲೇ ಇಟ್ಟುಕೊಂಡು, 1940ರಲ್ಲಿ ಕೇರಿ ಗ್ರ್ಯಾಂಟ್, ಜೇಮ್ಸ್ ಸ್ಟೂವರ್ಟ್ ಜೊತೆ ತಾನೇ ನಟಿಸಿ ಗೆದ್ದಳು. ಸ್ಟೂವರ್ಟರಿಗೆ ಆಸ್ಕರ್ ಬಂದದ್ದು ಆ ಚಿತ್ರಕ್ಕೆ.

ಎರಡನ್ನೂ ಹತ್ತಿರ ಹತ್ತಿರ ನೋಡಿದರೆ ಹಳೆಯದು ಹರಿತ, ಹೊಸದು ಮೃದು ಎನಿಸುತ್ತದೆ. ಹಳೆಯದರಲ್ಲಿ ನನ್ನನ್ನು ಕೆಣಕಿದ ಸಂಗತಿ ಒಂದಿದೆ. ಅದರಲ್ಲಿ ಜಾರ್ಜ್ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಮೆಟ್ಟಿಲು ಮೆಟ್ಟಿಲಾಗಿ ಏರಿ ಮ್ಯಾನೇಜರಾದವನು. ಚಿತ್ರ ನಗುವುದು ಯಾರನ್ನು ನೋಡಿ? ಅವನನ್ನೇ. ಅವನಿಗೆ ಕುದುರೆ ಹತ್ತಲು ಬಾರದು, ಅವನ ಸವಾರಿಯ ಉಡುಪು ತೀರ ಹೊಸದು, ಹಾಸ್ಯ ತಿಳಿಯದು. ಅಜ್ಜನ ಹಣದಲ್ಲಿ ಕುಡಿದು ಬಿದ್ದ ಡೆಕ್ಸ್ಟರ್ ಮಾತ್ರ ದೊಡ್ಡ ಮನಸ್ಸಿನವನು! 1956ರಲ್ಲಿ ಜಾರ್ಜನ ಈ ಪೂರ್ವಕಥೆ ಮಸುಕಾಗಿದೆ. ಅವನು ಬರಿಯ ರಸಹೀನ ವರ. ನಗು ಮಾತ್ರ ಹಾಗೆಯೇ ಉಳಿದಿದೆ. ಪರೀಕ್ಷೆ ಬರೆದು, ಬಡ್ತಿಯ ಪಟ್ಟಿಯಲ್ಲಿ ಹೆಸರು ಬರಲೆಂದು ಕಾಯುವ ನಮ್ಮಂಥವರು ಆ ನಗುವಿಗೆ ದನಿಗೂಡಿಸುವ ಮುನ್ನ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆ ಮಹಲಿನ ಮಗಳಾಗಿ ನಟಿಸಿದ ಗ್ರೇಸ್ ಕೆಲಿ ಯಾರ ಮಗಳು ಎಂಬುದನ್ನು ನೋಡಿ. ಆಕೆ ಹುಟ್ಟಿದ್ದು ನಿಜವಾದ ಫಿಲಡೆಲ್ಫಿಯಾದಲ್ಲಿ, 1929ರಲ್ಲಿ. ತಂದೆ ಜಾನ್ ಕೆಲಿ ಐರ್ಲೆಂಡಿನಿಂದ ವಲಸೆ ಬಂದವರ ಮಗ. ಕರಣೆ ಹಿಡಿದು ಇಟ್ಟಿಗೆಯ ಗೋಡೆ ಕಟ್ಟುತ್ತಿದ್ದವರು. ಮುಂದೆ ಗುತ್ತಿಗೆದಾರರಾಗಿ ಸಿರಿವಂತರಾದರು. ದೋಣಿಯ ಹುಟ್ಟು ಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಹೆನ್ಲಿಯ ಹೆಸರಾಂತ ದೋಣಿ ಸ್ಪರ್ಧೆಗೆ ಅವರು ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅವರ ಕ್ಲಬ್ಬಿನ ಮೇಲೆ ಹಳೆಯದೊಂದು ನಿಷೇಧವಿತ್ತು. ಅದು ಸಾಲದೆಂಬಂತೆ, ಕೈಯಿಂದ ಕೂಲಿ ಕೆಲಸ ಮಾಡಿದವನು ಅಲ್ಲಿಯ ನಿಯಮದ ಪ್ರಕಾರ ‘ಹವ್ಯಾಸಿ’ ಅಲ್ಲವೆಂಬ ಮಾತೂ ಸಮಿತಿಯ ನಡವಳಿಯಲ್ಲಿ ದಾಖಲಾಯಿತು. ಬೆವರು ಬಂದ ಕೈಗೆ ಹುಟ್ಟು ಹಿಡಿಯುವ ಯೋಗ್ಯತೆಯಿಲ್ಲ! ಆ ವರ್ಷ ಹೆನ್ಲಿಯಲ್ಲಿ ಗೆದ್ದವರು ಜ್ಯಾಕ್ ಬೆರೆಸ್‌ಫರ್ಡ್. ಕೆಲವೇ ವಾರಗಳಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿನ ಅಂತಿಮ ಸ್ಪರ್ಧೆಯಲ್ಲಿ ಅದೇ ಬೆರೆಸ್‌ಫರ್ಡರನ್ನು ಕೆಲಿ ಸೋಲಿಸಿ ಚಿನ್ನ ಗೆದ್ದರು. ಮನಸ್ಸಿನ ಕಿಚ್ಚು ಅಷ್ಟಕ್ಕೆ ಆರಲಿಲ್ಲ. ಮಗನನ್ನು ತಯಾರು ಮಾಡಿದರು; ಗ್ರೇಸಳಿಗಿಂತ ಎರಡು ವರ್ಷ ಹಿರಿಯ ಅಣ್ಣನಾದ ಆ ಮಗ, ತಂದೆಯ ಹೆಸರನ್ನೇ ಹೊತ್ತವನು, 1947ರಲ್ಲಿ ಹೆನ್ಲಿಯ ಅದೇ ಸ್ಪರ್ಧೆಯನ್ನು ಗೆದ್ದು, 1949ರಲ್ಲಿ ಮತ್ತೊಮ್ಮೆ ಗೆದ್ದ.

ಇಂಥ ಮನೆಯ ಹುಡುಗಿ ಜಾರ್ಜನನ್ನು ಹಗುರವಾಗಿ ಕಾಣುವ ಟ್ರೇಸಿಯ ಪಾತ್ರವನ್ನು ಎಷ್ಟು ಸಲೀಸಾಗಿ ಆಡಿದ್ದಾಳೆಂದರೆ, ನೋಡುವವನಿಗೆ ಅವಳು ಏಳು ತಲೆಮಾರಿನ ಸಿರಿವಂತೆಯೆಂದೇ ಅನಿಸಬೇಕು. ನಡಿಗೆ, ಮಾತಿನ ಎಳೆತ, ಕತ್ತು ತಿರುಗಿಸುವ ಬಗೆ ಎಲ್ಲವೂ ಕಲಿತದ್ದು. ಕಲಿತದ್ದು ಹುಟ್ಟಿನಿಂದ ಬಂದದ್ದಕ್ಕಿಂತ ಕಡಿಮೆಯೆಂದು ಯಾರಾದರೂ ಹೇಳಿದರೆ ಈ ಚಿತ್ರ ತೋರಿಸಿದರಾಯಿತು.

ಕಥೆಯನ್ನು ಫಿಲಡೆಲ್ಫಿಯಾದಿಂದ ರೋಡ್ ಐಲೆಂಡಿನ ನ್ಯೂಪೋರ್ಟ್ ಎಂಬ ಕಡಲ ತೀರದ ಊರಿಗೆ ಸಾಗಿಸಿದ್ದು ಮರುಚಿತ್ರಣದವರ ಒಳ್ಳೆಯ ಉಪಾಯ. ಅಲ್ಲಿ ಸಿರಿವಂತರು ಬೇಸಿಗೆ ಕಳೆಯಲು ಕಟ್ಟಿದ ಮನೆಗಳಿಗೆ ‘ಕಾಟೇಜ್’ ಎಂದು ಹೆಸರು. ಕಾಟೇಜ್ ಎಂದರೆ ಕುಟೀರವಷ್ಟೆ? ವ್ಯಾಂಡರ್‌ಬಿಲ್ಟ್ ಮನೆತನದವರು 1895ರಲ್ಲಿ ಮುಗಿಸಿದ ‘ದಿ ಬ್ರೇಕರ್ಸ್’ ಎಂಬ ಕುಟೀರದಲ್ಲಿ 70 ಕೋಣೆಗಳಿವೆ. ಎರಡು ಕೋಣೆಗಳಲ್ಲಿ ಸಂಸಾರ ನಡೆಸಿ, ಊರಿನಿಂದ ಬಂದ ನೆಂಟರನ್ನೂ ಅಲ್ಲೇ ಮಲಗಿಸುವ ನಾವು ನಮ್ಮ ಬಿಡಾರವನ್ನು ಅರಮನೆಯೆಂದೇ ಕರೆಯಬಹುದು. ಚಿತ್ರದಲ್ಲಿ ಟ್ರೇಸಿ ವರದಿಗಾರನನ್ನು ಕಾರಿನಲ್ಲಿ ಕೂರಿಸಿಕೊಂಡು, ತೆರಿಗೆ ಕಟ್ಟಲಾರದೆ ಬೀಗ ಬಿದ್ದ ಮಹಲುಗಳನ್ನು ತೋರಿಸುತ್ತಾಳೆ. ಬ್ರೇಕರ್ಸ್ ಮಹಲಂತೂ ಈಗ ಟಿಕೇಟು ಕೊಂಡವರೆಲ್ಲ ಒಳಹೊಕ್ಕು ನೋಡುವ ವಸ್ತುಪ್ರದರ್ಶನವಾಗಿದೆ.

1954ರಲ್ಲಿ ಇದೇ ನ್ಯೂಪೋರ್ಟಿನಲ್ಲಿ ಜಾಜ್ ಸಂಗೀತೋತ್ಸವ ಆರಂಭವಾಗಿತ್ತು. ಆ ನೆಪದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ತಂಡದೊಡನೆ ಚಿತ್ರದೊಳಗೆ ಬರುತ್ತಾರೆ. ಕಥೆಯನ್ನು ಹಾಡಿ ತೆರೆಯುವವರು ಅವರೇ, ನಡುನಡುವೆ ಟೀಕೆ ಮಾಡುವವರು ಅವರೇ, ಮುಗಿಸುವವರೂ ಅವರೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಭಾಗವತರ ಕೆಲಸವೆಂದು ಒಡನೆ ತಿಳಿಯುತ್ತದೆ. ಆದರೆ ಕಥೆಯೊಳಗೆ ಅವರಿಗೆ ಪಾತ್ರವಿಲ್ಲ. ಅವರು ಮೊದಲ ದೃಶ್ಯದಲ್ಲಿ ಬರುವುದು ಬಸ್ಸಿನಲ್ಲಿ ಕುಳಿತು, ನಗುತ್ತ, ಹಾಡುತ್ತ. ಆ 1956ರಲ್ಲಿಯೇ ಅಲಬಾಮಾದ ಮಾಂಟ್ಗೊಮರಿಯಲ್ಲಿ ಅವರ ಜನಾಂಗದವರು, ಬಸ್ಸಿನಲ್ಲಿ ಬಿಳಿಯರಿಗೆ ಜಾಗ ಬಿಡಬೇಕೆಂಬ ಕಟ್ಟಳೆಯನ್ನು ಪ್ರತಿಭಟಿಸಿ, ಬಸ್ಸನ್ನೇ ಹತ್ತದೆ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು.

ಕಚೇರಿಯವರಿಗೆ ರುಚಿಸುವ ಒಂದು ಸಂಗತಿಯನ್ನು ಬಿಡಲಾರೆ. ಆಸ್ಕರ್ ಸಮಿತಿಯವರು ಆ ವರ್ಷದ ಕಥಾವಿಭಾಗದಲ್ಲಿ ‘ಹೈ ಸೊಸೈಟಿ’ಯನ್ನು ಹೆಸರಿಸಿದರು. ಆದರೆ ಹೆಸರಿಸಿದ್ದು ಅದೇ ಹೆಸರಿನ 1955ರ ಬೇರೊಂದು ಅಗ್ಗದ ಹಾಸ್ಯಚಿತ್ರದ ಲೇಖಕರನ್ನು! ಒಂದೇ ಹೆಸರಿನ ಎರಡು ಕಡತಗಳಿದ್ದರೆ ಏನಾಗುತ್ತದೆಂಬುದನ್ನು ಯಾವ ಗುಮಾಸ್ತೆಯಾದರೂ ಅವರಿಗೆ ಹೇಳಬಹುದಿತ್ತು. ಆ ಲೇಖಕರು ಸಭ್ಯರು. ತಾವಾಗಿಯೇ ಹೆಸರು ಹಿಂತೆಗೆದುಕೊಂಡರು.

ಚಿತ್ರ ತೆರೆಗೆ ಬರುವ ಮೊದಲೇ, 1956ರ ಏಪ್ರಿಲ್‌ನಲ್ಲಿ, ಗ್ರೇಸ್ ಕೆಲಿ ಮೊನಾಕೋದ ರಾಜ ಮೂರನೆಯ ರೇನಿಯೆಯನ್ನು ಮದುವೆಯಾಗಿ ಬಣ್ಣದ ಬದುಕು ಬಿಟ್ಟಳು. ಇದೇ ಆಕೆ ನಟಿಸಿದ ಕೊನೆಯ ಕಥಾಚಿತ್ರ. ಚಿತ್ರ ನೋಡುವಾಗ ಅವಳ ಎಡಗೈಯ ಉಂಗುರವನ್ನು ಗಮನಿಸಿ. ಜಾರ್ಜ್ ತೊಡಿಸಿದನೆಂದು ಕಥೆ ಹೇಳುವ ಆ ದೊಡ್ಡ ವಜ್ರದುಂಗುರ ಚಿತ್ರಸಂಸ್ಥೆಯ ಒಡವೆಯಲ್ಲ; ನಿಶ್ಚಿತಾರ್ಥಕ್ಕೆ ರೇನಿಯೆ ಕೊಟ್ಟದ್ದು. ಮೇಸ್ತ್ರಿಯ ಮಗಳು ಅದನ್ನು ಬಿಚ್ಚಿಡದೆ ಹಾಗೆಯೇ ಕ್ಯಾಮೆರಾದ ಮುಂದೆ ಬಂದಿದ್ದಳು.