ಪ್ರತಿಯಿಂದ ಪುನರುದ್ಧಾರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಒಂದು ಶಿಲಾಸ್ತಂಭವಿದೆ. ಕ್ರಿ.ಶ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ, ಕದಂಬ ವಂಶದ ಚರಿತ್ರೆಯನ್ನು ಹೇಳುವ ಸಂಸ್ಕೃತ ಶಾಸನ ಅದರ ಮೇಲಿದೆ. ಅದನ್ನು ಓದಬೇಕಾದರೆ ನಾವು ತಾಳಗುಂದಕ್ಕೇ ಹೋಗಬೇಕೆಂದಿಲ್ಲ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯಲ್ಲಿ 1902ರಲ್ಲಿ ಹೊರಬಂದ ಏಳನೆಯ ಸಂಪುಟವನ್ನು ತೆರೆದರೆ, ಶಿಕಾರಿಪುರದ 176ನೆಯ ಶಾಸನವಾಗಿ ಅದು ದೊರೆಯುವುದು. ಸೊರಬ ತಾಲ್ಲೂಕಿನ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿವೆ.

ಶಾಸನದ ಪಡಿಯಚ್ಚು ತೆಗೆಯುವ ಕ್ರಮ ಸರಳವಾದುದು. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಹಚ್ಚಿದರೆ ಅಕ್ಷರಗಳು ಬಿಳಿಯಾಗಿ ಮೂಡುವುವು. ಆದರೆ ಇಷ್ಟರಿಂದಲೇ ಕೆಲಸ ಮುಗಿಯದು. ಆ ಹಳೆಯ ಲಿಪಿಯನ್ನು ಬಲ್ಲವರು ಅದನ್ನು ಓದಿ, ಇಂದಿನ ಲಿಪಿಯಲ್ಲಿ ಅಚ್ಚು ಹಾಕಿಸಬೇಕು. ಆಗಲೇ ಶಾಸನ ಪುನಃ ಬಳಕೆಗೆ ಬಂದಂತೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಪುಸ್ತಕಕ್ಕೆ ಬಂದುದು ಬರಹವೇ ಹೊರತು ಕಲ್ಲಲ್ಲ.

ಇಂದಿನ ಗಣಕಯಂತ್ರದಲ್ಲಿಯೂ ಪ್ರತಿ ತೆಗೆಯುವುದು, ಅದನ್ನು ಮತ್ತೆ ಬಳಕೆಗೆ ತರುವುದು ಎಂಬ ಎರಡು ಬೇರೆ ಬೇರೆ ಕೆಲಸಗಳುಂಟು. ಕ್ಯೂಬ್ಸ್ ಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಒಂದು ಯಂತ್ರದಲ್ಲಿ ಹಲವು ಯಂತ್ರಗಳು

ಕನ್ನಡಿಯಲ್ಲಿ ಕಾಣುವ ಬಿಂಬಕ್ಕೆ ಭೌತಶಾಸ್ತ್ರದಲ್ಲಿ ಮಿಥ್ಯಾಬಿಂಬವೆಂದು ಹೆಸರು. ಕನ್ನಡಿಯ ಹಿಂದೆ ವಸ್ತುವಿಲ್ಲದಿದ್ದರೂ ಕಣ್ಣಿಗೆ ಇರುವಂತೆಯೇ ತೋರುವುದು. ಅದೇ ರೀತಿ ಒಂದೇ ಗಣಕದೊಳಗೆ ತಂತ್ರಾಂಶದಿಂದ ನಿರ್ಮಿಸಿದ, ಬೇರೆ ಗಣಕದಂತೆಯೇ ವರ್ತಿಸುವ ಯಂತ್ರವನ್ನು ವರ್ಚುಯಲ್ ಮಷೀನ್, ಎಂದರೆ ಮಿಥ್ಯಾಯಂತ್ರ, ಎನ್ನಬಹುದು.

ಪೋಲೆಂಡಿನ ಜೊವಾನ್ನಾ ರುಟ್ಕೋವ್ಸ್ಕಾ ಎಂಬವರು 2010ರಲ್ಲಿ ಪ್ರಕಟಪಡಿಸಿದ ಕ್ಯೂಬ್ಸ್ ವ್ಯವಸ್ಥೆಯ ತಳಹದಿಯೇ ಇದು. ಬ್ಯಾಂಕಿನ ವ್ಯವಹಾರಕ್ಕೆ ಒಂದು, ವ್ಯಾಸಂಗಕ್ಕೆ ಒಂದು, ಅಪರಿಚಿತರ ಕಡತಗಳನ್ನು ತೆರೆಯಲು ಮತ್ತೊಂದು, ಹೀಗೆ ಬೇರೆ ಬೇರೆ ಮಿಥ್ಯಾಯಂತ್ರಗಳು. ಅವುಗಳ ನಡುವಣ ಗೋಡೆಯನ್ನು ‘ಜೆನ್’ ಎಂಬ ತಂತ್ರಾಂಶ ಕಾಯುವುದು. ಒಂದಕ್ಕೆ ಹೊಕ್ಕ ವೈರಸ್ಸು ಇನ್ನೊಂದಕ್ಕೆ ಸುಲಭವಾಗಿ ದಾಟಲಾರದು.

ಪ್ರತಿಯೊಂದು ಯಂತ್ರಕ್ಕೂ ಇಡೀ ವ್ಯವಸ್ಥೆಯನ್ನು ಬೇರೆಯಾಗಿ ಸ್ಥಾಪಿಸಿದರೆ ಸ್ಥಳವೂ ಶ್ರಮವೂ ವ್ಯರ್ಥವಲ್ಲವೆ? ಆದುದರಿಂದ ಮೂಲ ತಂತ್ರಾಂಶಗಳನ್ನೆಲ್ಲ ‘ಟೆಂಪ್ಲೇಟ್’ ಎಂಬ ಮಾದರಿ ಯಂತ್ರದಲ್ಲಿ ಇಟ್ಟಿರುತ್ತಾರೆ. ಕೆಲಸದ ಯಂತ್ರಗಳು ಪ್ರಾರಂಭವಾದಾಗಲೆಲ್ಲ ಅದರಿಂದ ಅವನ್ನು ಎರವಲು ಪಡೆಯುವುವು. ಅವುಗಳ ಸ್ವಂತ ಸೊತ್ತೆಂದರೆ ಬಳಸುವವನ ಕಡತಗಳೂ ಆತನ ಕೆಲವು ಏರ್ಪಾಡುಗಳೂ ಮಾತ್ರ. ಮಾದರಿ ಯಂತ್ರವನ್ನು ಕಲ್ಲಿಗೂ ಈ ಸೊತ್ತನ್ನು ಬರಹಕ್ಕೂ ಹೋಲಿಸಬಹುದು.

ಹೊಸ ಆವೃತ್ತಿಗೆ ಹೋಗುವಾಗ

ಕ್ಯೂಬ್ಸ್‌ನ ಹೊಸ ಆವೃತ್ತಿ ಬಂದ ಆರು ತಿಂಗಳ ಮೇಲೆ ಹಳೆಯದಕ್ಕೆ ರಕ್ಷಣಾ ತಿದ್ದುಪಡಿಗಳು ನಿಲ್ಲುವುವು. 2023ರ ಡಿಸೆಂಬರಿನಲ್ಲಿ 4.2ನೆಯ ಆವೃತ್ತಿ ಹೊರಬಂದುದರಿಂದ, 4.1ಕ್ಕೆ 2024ರ ಜೂನ್‌ನಲ್ಲಿ ಆಸರೆ ತಪ್ಪಿತು. ಆದುದರಿಂದ ಬಳಸುವವನು ಬದಲಾಯಿಸಲೇಬೇಕು. ಹಲವರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಸ್ಥಾಪಿಸುವರು. ಆಗ ಪ್ರತಿಯೊಂದೇ ಗತಿ.

ಸೊರಬ ತಾಲ್ಲೂಕಿನ ಕುಬಟೂರು, ಉದ್ರಿಗಳಲ್ಲಿ ತಿರುಗಿ ವೀರಗಲ್ಲುಗಳ ಛಾಯಾಚಿತ್ರಗಳನ್ನು ಸಂಗ್ರಹಿಸಿದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಎರಡು ವರ್ಷಗಳ ಆತನ ಸಂಗ್ರಹವೆಲ್ಲ ಒಂದು ಮಿಥ್ಯಾಯಂತ್ರದಲ್ಲಿದೆ. ಆತನು ಮಾಡಬೇಕಾದುದೇನು?

ಮೊದಲು ಆ ಯಂತ್ರವನ್ನು ನಿಲ್ಲಿಸಬೇಕು. ನಡೆಯುತ್ತಿರುವ ಯಂತ್ರದ ಪ್ರತಿ ತೆಗೆದರೆ, ಅದು ಪ್ರಾರಂಭವಾಗುವುದಕ್ಕೆ ಮುಂಚಿನ ಸ್ಥಿತಿ ಮಾತ್ರ ಪ್ರತಿಯಲ್ಲಿ ಸೇರುವುದು. ಆ ದಿನದ ಕೆಲಸ ಹೊರಗೆ ಉಳಿಯುವುದು. ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಡಬೇಕು. ಅನಂತರ, ಹಳೆಯದನ್ನು ಅಳಿಸುವ ಮೊದಲೇ, ಪ್ರತಿಯನ್ನು ಪರೀಕ್ಷಿಸಬೇಕು. ಏನನ್ನೂ ಮರಳಿ ಬರೆಯದೆ, ಪ್ರತಿ ಸಮಗ್ರವಾಗಿದೆಯೇ ಎಂದಷ್ಟೇ ನೋಡುವ ಸೌಲಭ್ಯ ಪುನಃಸ್ಥಾಪನೆಯ ತಂತ್ರಾಂಶದಲ್ಲಿಯೇ ಉಂಟು.

ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದ ಮೇಲೆ ಕೆಲಸದ ಯಂತ್ರಗಳನ್ನು ಮಾತ್ರ ಮರಳಿ ತರುವುದು ಲೇಸು. ಹಳೆಯ ಮಾದರಿ ಯಂತ್ರವನ್ನೂ ತಂದರೆ, ಯಾವುದನ್ನು ಬಿಡಲೆಂದು ಹೊರಟೆವೋ ಅದನ್ನೇ ಹೊತ್ತು ತಂದಂತಾಗುವುದು. ಹೊಸ ವ್ಯವಸ್ಥೆಯಲ್ಲಿ ಹಳೆಯ ಹೆಸರಿನ ಮಾದರಿ ಇಲ್ಲದಿದ್ದರೆ ತಂತ್ರಾಂಶ ಎಚ್ಚರಿಸುವುದು. ಆಗ ಅದನ್ನು ಲೆಕ್ಕಿಸದೆ ಮುಂದುವರಿಯುವಂತೆ ತಿಳಿಸಿದರೆ, ಮರಳಿದ ಯಂತ್ರವು ಹೊಸ ವ್ಯವಸ್ಥೆಯ ಮಾದರಿಯನ್ನೇ ಆಶ್ರಯಿಸುವುದು. ಆದರೆ ಹಳೆಯ ಮಾದರಿಯಲ್ಲಿ ತಾನು ಸೇರಿಸಿದ್ದ ತಂತ್ರಾಂಶಗಳು ಜೊತೆಗೆ ಬರುವುದಿಲ್ಲ. ಅವುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟು ಹೊಸದರಲ್ಲಿ ಪುನಃ ಹಾಕಬೇಕು. ಆಗ ವಿದ್ಯಾರ್ಥಿಯ ಚಿತ್ರಗಳು ಇದ್ದಂತೆಯೇ ತೆರೆಯುವುವು.

ಎರಡು ಎಚ್ಚರಿಕೆಗಳು

ಮೊದಲನೆಯದು ಗುಪ್ತಪದದ ವಿಷಯ. ಈ ಪ್ರತಿಯು ‘ಎಸ್‌ಕ್ರಿಪ್ಟ್’ ಎಂಬ ವಿಧಾನದಿಂದ ಗೂಢಲಿಪಿಯಲ್ಲಿರುತ್ತದೆ. ಪ್ರತಿಯೊಂದು ಊಹೆಯನ್ನು ಪರೀಕ್ಷಿಸುವುದಕ್ಕೂ ಗಣಕಕ್ಕೆ ಬಹಳಷ್ಟು ಸ್ಮೃತಿಯೂ ಸಮಯವೂ ಬೇಕಾಗುವಂತೆ ಇದನ್ನು ರೂಪಿಸಲಾಗಿದೆ. ಕಳ್ಳನನ್ನು ತಡೆಯುವ ಈ ಗುಣವೇ ಮರೆವಿನ ಒಡೆಯನನ್ನೂ ತಡೆಯುವುದು. ಗುಪ್ತಪದ ಬಲವಾಗಿದ್ದು, ಅದು ಮರೆತುಹೋದರೆ, ಪ್ರತಿ ಕೈಯಲ್ಲಿದ್ದೂ ಇಲ್ಲದಂತೆಯೇ. ಗುಪ್ತಪದ ನೆನಪಿದ್ದರೆ, ಕ್ಯೂಬ್ಸ್ ಇಲ್ಲದ ಸಾಧಾರಣ ಲಿನಕ್ಸ್ ಗಣಕದಲ್ಲಿಯೂ ಪ್ರತಿಯನ್ನು ಬಿಡಿಸಿಕೊಳ್ಳಬಹುದು. ಅದರ ರಚನೆಯನ್ನೂ ಬಿಡಿಸುವ ಕ್ರಮವನ್ನೂ ಬಹಿರಂಗವಾಗಿ ಪ್ರಕಟಿಸಿದ್ದಾರೆ. ಲಿಪಿ ತಿಳಿದವರಿಗೆ ಶಾಸನ ಓದಲು ಬರುವಂತೆಯೇ ಇದೂ.

ಎರಡನೆಯದು, ಪ್ರತಿಯು ಒಳಿತು ಕೆಡುಕುಗಳನ್ನು ಬೇರ್ಪಡಿಸದು. ಕೆಲಸದ ಯಂತ್ರದ ಕಡತಗಳಲ್ಲಿ ಹಾನಿಕರ ತಂತ್ರಾಂಶ ಅಡಗಿದ್ದರೆ ಅದೂ ಜೊತೆಯಲ್ಲಿಯೇ ಮರಳುವುದು. ಹೊಸ ಮಾದರಿ ಶುದ್ಧವಾಗಿರುವುದಾದರೂ ಸಂಶಯವುಳ್ಳ ಕಡತಗಳ ಯಂತ್ರವನ್ನು ಜಾಲಕ್ಕೆ ಜೋಡಿಸದೆಯೇ ಇಡುವುದು ಕ್ಷೇಮ.

ಕ್ಯೂಬ್ಸ್ ಬಳಸದ ವಾಚಕರಿಗೂ ಇದು ಅನ್ವಯಿಸುವುದು. ನಿಮ್ಮ ದೂರವಾಣಿಯಲ್ಲಿಯೋ ಗಣಕದಲ್ಲಿಯೋ ಇರುವ ಟಿಪ್ಪಣಿಗಳಿಗೆ ಪ್ರತಿಯಿರಬಹುದು. ಅದರಿಂದ ಒಂದೇ ಒಂದು ಕಡತವನ್ನು ಬೇರೊಂದು ಯಂತ್ರದಲ್ಲಿ ಮರಳಿ ಪಡೆದು ತೆರೆದು ನೋಡಿ. ಹತ್ತು ನಿಮಿಷದ ಕೆಲಸ. ತೆರೆಯದಿದ್ದರೆ ಮೂಲವಿನ್ನೂ ಉಳಿದಿರುವಾಗಲೇ ಸರಿಪಡಿಸಿಕೊಳ್ಳಬಹುದು.