ಯಂತ್ರಕ್ಕೆ ಕಿವಿ ಕೊಟ್ಟ ರೈತನ ಮಗ ರಾಜ್ ರೆಡ್ಡಿ

ಮೊಬೈಲ್ ಬಾಯಿಗೆ ಹಿಡಿದು "ನಾಳೆ ಮಳೆ ಬರುತ್ತಾ?" ಎಂದು ಕೇಳಿದರೆ ಅದು ಉತ್ತರ ಹೇಳುತ್ತದೆ. ಇಂದು ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಯಂತ್ರಕ್ಕೆ ಮನುಷ್ಯನ ಮಾತು ಅರ್ಥವಾಗಬೇಕಾದರೆ ಹಲವು ವಿಜ್ಞಾನಿಗಳು ದಶಕಗಟ್ಟಲೆ ದುಡಿಯಬೇಕಾಯಿತು. ಅವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮ ನೆರೆಯ ರಾಯಲಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರೇ ದಬ್ಬಲ ರಾಜಗೋಪಾಲ ರೆಡ್ಡಿ. ಜಗತ್ತಿಗೆ ಅವರು ರಾಜ್ ರೆಡ್ಡಿ.

ಕಾಟೂರಿನಿಂದ ಸ್ಟ್ಯಾನ್‌ಫೋರ್ಡ್‌ವರೆಗೆ

ರಾಜ್ ರೆಡ್ಡಿ ಹುಟ್ಟಿದ್ದು 1937ರ ಜೂನ್ 13ರಂದು, ಆಗಿನ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ. ತಂದೆ ರೈತರು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. 1958ರಲ್ಲಿ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದರು. ಮುಂದೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಐಬಿಎಂ ಕಂಪನಿಯಲ್ಲಿ ಕೆಲಸ ಮಾಡಿದರು. ಸೇತುವೆ, ಕಟ್ಟಡ ಕಟ್ಟಬೇಕಿದ್ದ ಯುವಕ ಕಂಪ್ಯೂಟರ್ ಕಡೆಗೆ ಹೊರಳಿದ್ದು ಹೀಗೆ.

ನಂತರ ಅವರು ಸೇರಿದ್ದು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯವನ್ನು. ಅಲ್ಲಿ ಗುರುವಾಗಿ ಸಿಕ್ಕವರು 'ಕೃತಕ ಬುದ್ಧಿಮತ್ತೆ' ಎಂಬ ಹೆಸರನ್ನೇ ಕೊಟ್ಟ ಜಾನ್ ಮೆಕಾರ್ಥಿ. 1966ರಲ್ಲಿ ಡಾಕ್ಟರೇಟ್ ಪಡೆದ ರೆಡ್ಡಿ 1969ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಹೋದರು.

ಮಾತು ಕೇಳುವುದು ಏಕೆ ಕಷ್ಟ?

ಬರಹದಲ್ಲಿ ಪದ ಪದಕ್ಕೂ ನಡುವೆ ಜಾಗ ಇರುತ್ತದೆ. ಮಾತಿನಲ್ಲಿ ಅದಿಲ್ಲ. 'ಏನು ಮಾಡುತ್ತಿದ್ದೀರಿ' ಎಂಬುದು ಬಾಯಲ್ಲಿ 'ಏನ್ಮಾಡ್ತಿದೀರಿ' ಆಗುತ್ತದೆ. ಮಕ್ಕಳ ದನಿ ಬೇರೆ, ಎಲೆಅಡಿಕೆ ಜಗಿಯುತ್ತಾ ಮಾತಾಡುವ ಅಜ್ಜನ ದನಿ ಬೇರೆ. ಕಿವಿಗೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ನಾವು ಸಂದರ್ಭದಿಂದ ಊಹಿಸಿಕೊಳ್ಳುತ್ತೇವೆ. ಯಂತ್ರಕ್ಕೆ ಈ ಊಹೆಯನ್ನು ಕಲಿಸುವುದು ಹೇಗೆ?

1970ರ ದಶಕದಲ್ಲಿ ರೆಡ್ಡಿ ಮತ್ತು ಸಂಗಡಿಗರು 'ಹಿಯರ್‌ಸೇ' ಎಂಬ ವ್ಯವಸ್ಥೆ ರೂಪಿಸಿದರು. ಹೆಸರಿನ ಅರ್ಥ ಅವರಿವರಿಂದ ಕೇಳಿದ ಮಾತು! ಅದರ ಎರಡನೇ ಆವೃತ್ತಿಯ ತಂತ್ರವನ್ನು ಒಂದು ಕರಿಹಲಗೆಗೆ ಹೋಲಿಸಬಹುದು. ಹಲಗೆಯ ಸುತ್ತ ಹಲವು ಪರಿಣತರು ಕೂತಿದ್ದಾರೆ ಎಂದುಕೊಳ್ಳಿ. ಒಬ್ಬನಿಗೆ ಧ್ವನಿ ಗೊತ್ತು, ಇನ್ನೊಬ್ಬನಿಗೆ ಪದ ಗೊತ್ತು, ಮತ್ತೊಬ್ಬನಿಗೆ ವ್ಯಾಕರಣ ಗೊತ್ತು. ಪ್ರತಿಯೊಬ್ಬನೂ ತನ್ನ ಊಹೆಯನ್ನು ಹಲಗೆಯ ಮೇಲೆ ಬರೆಯುತ್ತಾನೆ. ಅದನ್ನು ನೋಡಿ ಉಳಿದವರು ತಮ್ಮ ಊಹೆ ತಿದ್ದಿಕೊಳ್ಳುತ್ತಾರೆ. ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನ ಕೂತು ತೀರ್ಮಾನಕ್ಕೆ ಬಂದಂತೆ, ಕೊನೆಗೆ ಒಂದು ವಾಕ್ಯ ಹೊರಬರುತ್ತದೆ.

1976ರಲ್ಲಿ ಅದೇ ತಂಡದಿಂದ ಬಂದ 'ಹಾರ್ಪಿ' 1,011 ಪದಗಳನ್ನು ಗುರುತಿಸುತ್ತಿತ್ತು. ಹೇಳಬಹುದಾದ ವಾಕ್ಯಗಳನ್ನೆಲ್ಲ ರಸ್ತೆಗಳ ನಕ್ಷೆಯಂತೆ ಹರಡಿ, ಸರಿ ಎನಿಸಿದ ಕೆಲವೇ ದಾರಿಗಳಲ್ಲಿ ಹುಡುಕುತ್ತಾ ಹೋಗುವುದು ಅದರ ಉಪಾಯ. ಈ ಉಪಾಯ ಇಂದಿನ ಅನುವಾದ ತಂತ್ರಾಂಶಗಳಲ್ಲೂ ಬಳಕೆಯಲ್ಲಿದೆ. ಆದರೆ ಹಾರ್ಪಿಗೆ ಮಿತಿಯೂ ಇತ್ತು. ಮಾತಾಡುವವರ ದನಿಗೆ ಅದನ್ನು ಮೊದಲೇ ಹೊಂದಿಸಬೇಕಿತ್ತು. ಯಾರೇ ಮಾತಾಡಿದರೂ ಗುರುತಿಸುವ 'ಸ್ಫಿಂಕ್ಸ್' ಅನ್ನು 1980ರ ದಶಕದ ಕೊನೆಯಲ್ಲಿ ರೂಪಿಸಿದವರು ರೆಡ್ಡಿ ಅವರ ಶಿಷ್ಯ ಕೈಫು ಲೀ. ಡಿಕ್ಟೇಶನ್ ತಂತ್ರಾಂಶಕ್ಕೆ ಹೆಸರಾದ ಡ್ರ್ಯಾಗನ್ ಕಂಪನಿಯನ್ನು ಪತ್ನಿಯ ಜೊತೆ ಸೇರಿ ಕಟ್ಟಿದ ಜೇಮ್ಸ್ ಬೇಕರ್ ಸಹ ಇವರ ಶಿಷ್ಯರೇ.

ಪ್ರಶಸ್ತಿ, ಪುಸ್ತಕ, ಪಾಠಶಾಲೆ

1979ರಲ್ಲಿ ಕಾರ್ನೆಗಿ ಮೆಲನ್‌ನ ರೊಬಾಟಿಕ್ಸ್ ಸಂಸ್ಥೆ ಆರಂಭವಾದಾಗ ರೆಡ್ಡಿ ಅದರ ಮೊದಲ ನಿರ್ದೇಶಕರಾದರು. ಕಂಪ್ಯೂಟರ್ ಲೋಕದ ನೊಬೆಲ್ ಎನ್ನಲಾಗುವ ಟ್ಯೂರಿಂಗ್ ಪ್ರಶಸ್ತಿ 1994ರಲ್ಲಿ ಅವರಿಗೂ ಎಡ್ವರ್ಡ್ ಫೈಗನ್‌ಬಾಮ್ ಅವರಿಗೂ ಜಂಟಿಯಾಗಿ ಸಂದಿತು. ಈ ಪ್ರಶಸ್ತಿ ಪಡೆದ ಏಷ್ಯಾ ಮೂಲದ ಮೊದಲಿಗರು ರೆಡ್ಡಿ. ಭಾರತ ಸರ್ಕಾರ 2001ರಲ್ಲಿ ಪದ್ಮಭೂಷಣ ನೀಡಿತು.

ಕನ್ನಡಿಗರಿಗೂ ಅವರ ಕೆಲಸದ ಫಲ ಸಿಕ್ಕಿದೆ. ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡುವ ಯೋಜನೆಯನ್ನು ಅವರು ಮುನ್ನಡೆಸಿದರು. ಭಾರತದಲ್ಲಿ ಅದರ ಕೇಂದ್ರವಾಗಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಗಡಿಯಾಚೆಯ ಓದುಗರ ಕೈಗೂ ಬಂದದ್ದು ಇದರಿಂದಲೇ.

ಹಳ್ಳಿಯ ಬಡ ಮಕ್ಕಳಿಗೂ ಉನ್ನತ ತಾಂತ್ರಿಕ ಶಿಕ್ಷಣ ಸಿಗಬೇಕೆಂಬುದು ಅವರ ಹಂಬಲ. 2008ರಲ್ಲಿ ಆಂಧ್ರದಲ್ಲಿ ಆರಂಭವಾದ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಅವರೇ. ಅಲ್ಲಿ ಹತ್ತನೇ ತರಗತಿಯ ಅಂಕಗಳ ಮೇಲೆ ಆರು ವರ್ಷದ ಇಂಜಿನಿಯರಿಂಗ್ ಕೋರ್ಸಿಗೆ ಪ್ರವೇಶ. ಕಡಪ ಜಿಲ್ಲೆಯ ಇಡುಪುಲಪಾಯದಲ್ಲೂ ಅದರ ಕ್ಯಾಂಪಸ್ ಇದೆ.

ಉಳಿದಿರುವ ಕೆಲಸ

ಓದು ಬರಹ ಬಾರದವರಿಗೂ ಕಂಪ್ಯೂಟರ್ ಉಪಯೋಗಕ್ಕೆ ಬರಬೇಕು, ಅದಕ್ಕೆ ಮಾತೇ ಸುಲಭದ ದಾರಿ ಎಂದು ರೆಡ್ಡಿ ವಾದಿಸುತ್ತಾ ಬಂದವರು. ಆದರೆ ಇಂದಿನ ಯಂತ್ರಗಳು ಕಲಿಯುವುದು ಧ್ವನಿಮುದ್ರಣಗಳಿಂದ. ಯಾವ ಮಾತಿನ ಮುದ್ರಣ ಹೆಚ್ಚಿದೆಯೋ ಅದು ಯಂತ್ರಕ್ಕೆ ಚೆನ್ನಾಗಿ ತಿಳಿಯುತ್ತದೆ, ಕಡಿಮೆ ಇರುವ ಕಡೆ ತಪ್ಪು ಹೆಚ್ಚು. ಆದೋನಿಯ ತೆಲುಗು ಬೆರೆತ ಕನ್ನಡ, ಕಾಸರಗೋಡಿನ ಕನ್ನಡ, ಸೊಲ್ಲಾಪುರದ ಮರಾಠಿ ಸೋಕಿದ ಕನ್ನಡ ಯಂತ್ರದ ಕಿವಿಗೆ ಬೀಳಬೇಕಾದರೆ ಮೊದಲು ಆ ಮಾತುಗಳು ದಾಖಲಾಗಬೇಕು. ಕಾಟೂರಿನ ರೈತನ ಮಗ ಯಂತ್ರಕ್ಕೆ ಕಿವಿ ಕೊಟ್ಟರು. ಆ ಕಿವಿಗೆ ನಮ್ಮ ಊರಿನ ಮಾತು ಹಾಕುವ ಕೆಲಸ ಇನ್ನೂ ಬಾಕಿ ಇದೆ.